ಕ್ಯಾಂಪಿಗೆ ಯಾವ ಒಲೆ? ಕ್ರೋಂಪೇಟೆಯಿಂದ ಹೊರಡೋ ಮುಂಚೆ ಒಂದು ಮಾತು

ಈ ವಾರದ ವಿಡಿಯೊ ನೋಡೋಕೆ ಪುರುಸೊತ್ತು ಸಿಗದವರಿಗೆ, ಆಫೀಸ್ ಬಸ್ಸಿನಲ್ಲಿ ಇಯರ್‌ಫೋನ್ ಮರೆತು ಕೂತವರಿಗೆ ಇದು ಮಾತಿನ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೀನಿ, ಬಾಯಲ್ಲಿ ಹೇಳೋಕೆ ಬೇಜಾರಾಗೋ ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೀನಿ.

ಡಿಸೆಂಬರ್ ಹತ್ತಿರ ಬಂದ್ರೆ ನನಗೆ ಒಂದೇ ಪ್ರಶ್ನೆ ಬರುತ್ತೆ. "ಅಣ್ಣಾ, ಕ್ಯಾಂಪಿಂಗ್ ಹೋಗ್ತಿದ್ದೀವಿ, ಯಾವ ಗ್ರಿಲ್ ತಗೊಳ್ಳೋದು?" ನಾನು ಬ್ರ್ಯಾಂಡ್ ಹೇಳಲ್ಲ. ಯಾಕೆ ಅಂತ ಗೊತ್ತಾಗಬೇಕಾದ್ರೆ ನಮ್ಮ ಮನೆಯವರ ಒಂದು ಕಥೆ ಕೇಳಬೇಕು.

ಒಂದು ಜನವರಿ. ಕ್ರೋಂಪೇಟೆಯಿಂದ ನಾವು ಎರಡು ಸಂಸಾರ, ಬೆಂಗಳೂರಿಂದ ನಮ್ಮ ದೊಡ್ಡಪ್ಪನ ಮಗನ ಸಂಸಾರ. ಎಲ್ಲರಿಗೂ ಸೇರೋಕೆ ಅನುಕೂಲವಾದ ಜಾಗ ಯೇಲಗಿರಿ. ಚೆನ್ನೈಯಿಂದ ಸುಮಾರು 230 ಕಿಲೋಮೀಟರ್, ಬೆಂಗಳೂರಿಂದ 160ರ ಹತ್ತಿರ. ಎತ್ತರ ಸುಮಾರು 1,100 ಮೀಟರ್, ಹಾಗಾಗಿ ರಾತ್ರಿ ಸ್ವೆಟರ್ ಬೇಕೇ ಬೇಕು. ಊಟ ಮುಗೀತು. ಗ್ರಿಲ್‌ನಲ್ಲಿ ಕೆಂಡ ಇನ್ನೂ ಚೆನ್ನಾಗಿತ್ತು. "ಹೊಗೆ ಇಲ್ಲವಲ್ಲ, ಮಕ್ಕಳಿಗೆ ಬೆಚ್ಚಗಿರ್ಲಿ" ಅಂತ ನಮ್ಮಣ್ಣ ಅದನ್ನ ಎತ್ತಿ ಟೆಂಟಿನೊಳಗೆ ಇಟ್ಟು ಜಿಪ್ ಎಳೆದುಬಿಟ್ಟ. ನಾನೂ ಅಲ್ಲೇ ನಿಂತಿದ್ದೆ, ಒಳ್ಳೆ ಐಡಿಯಾ ಅಂದೆ.

ಅರ್ಧ ಗಂಟೆ ಕಳೆದಿರಬಹುದು. ಅತ್ತಿಗೆಗೆ ತಲೆ ಸಿಡಿಯೋಕೆ ಶುರುವಾಯ್ತು. ಚಿಕ್ಕವಳು ವಾಂತಿ ಮಾಡಿದಳು. ಚಿಕನ್ ಸರಿಯಾಗಿ ಬೆಂದಿರಲಿಲ್ಲ ಅಂತ ನಾವು ನನ್ನನ್ನೇ ಬೈಕೊಂಡ್ವಿ. ವಾಂತಿ ಒರೆಸೋಕೆ ಅಂತ ಅತ್ತಿಗೆ ಜಿಪ್ ತೆಗೆದು ಮಗುನ ಹೊರಗೆ ತಂದರು. ನಾವು ಉಳಿದದ್ದು ಅದರಿಂದ. ಕೆಳಗೆ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಕೇಳಿದ ಮೊದಲ ಮಾತು ಊಟದ ಬಗ್ಗೆ ಅಲ್ಲ. "ಉಳ್ಳೆ ಕರಿ ಅಡುಪ್ಪು ಇರುಂದುದಾ?" ಒಳಗೆ ಇದ್ದಿಲ ಒಲೆ ಇತ್ತಾ?

ಕೆಂಡದಲ್ಲಿ ಹೊಗೆ ಇಲ್ಲ ಅಂದ್ರೆ ವಿಷ ಇಲ್ಲ ಅಂತ ಅರ್ಥ ಅಲ್ಲ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳದೇ ಇರೋರೂ ಇದ್ದಾರೆ. ಆವತ್ತು ಎಲ್ಲರೂ ಸುಸ್ತಾಗಿ ಮಲಗಿಬಿಟ್ಟಿದ್ರೆ ಈ ಮಾತನ್ನ ನಾನು ಬೇರೆ ಥರ ಹೇಳಬೇಕಾಗಿತ್ತು.

ಅವತ್ತಿಂದ ನಾನು ಒಲೆಯನ್ನ ಬೆಲೆ ನೋಡಿ ಆರಿಸಲ್ಲ. ಮೂರು ಪ್ರಶ್ನೆ ಕೇಳ್ತೀನಿ. ಹೇಗೆ ಹೋಗ್ತೀವಿ? ಎಲ್ಲಿ ಹಚ್ತೀವಿ? ಬೇಯಿಸ್ತೀವಾ, ಸುಡ್ತೀವಾ? ಒಂದೊಂದಾಗಿ ನೋಡೋಣ.

ಮೊದಲ ಪ್ರಶ್ನೆ: ಹೇಗೆ ಹೋಗ್ತೀರಿ?

ರೈಲಲ್ಲಿ ಹೋಗೋರಾದ್ರೆ ಗ್ಯಾಸ್ ಕ್ಯಾನ್, ಸಿಲಿಂಡರ್, ಸೀಮೆಎಣ್ಣೆ, ಸ್ಪಿರಿಟ್ ಯಾವುದೂ ಬ್ಯಾಗಲ್ಲಿ ಇರಕೂಡದು. 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲಾಗಬಹುದು. ದಂಡದ ಮಾತು ಬಿಡಿ. 2023ರ ಆಗಸ್ಟ್ 26ರ ಬೆಳಗ್ಗೆ ಮದುರೈ ನಿಲ್ದಾಣದ ಹತ್ತಿರ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ ಏನಾಯ್ತು ನೆನಪಿರಬೇಕು. ನಿಯಮ ಮೀರಿ ಒಳಗೆ ತಂದಿದ್ದ ಸಿಲಿಂಡರ್‌ನಿಂದ ಬೆಂಕಿ ಹತ್ತಿ 9 ಜನ ತೀರಿಕೊಂಡರು. ಬೆಳಗಿನ ಟೀಗೆ ಅಂತ ಇಟ್ಟುಕೊಳ್ಳೋ ಒಲೆ ಒಂದು ಬೋಗಿಯನ್ನೇ ಸುಡುತ್ತೆ.

ವಿಮಾನದಲ್ಲೂ ಅಷ್ಟೇ. ಬ್ಯೂಟೇನ್ ಕ್ಯಾನ್ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ. ರಜೆಗೆ ಊರಿಗೆ ಹೋಗಿ ಅಲ್ಲಿಂದ ಚಿಕ್ಕಮಗಳೂರಿಗೋ ಸಕಲೇಶಪುರಕ್ಕೋ ಕ್ಯಾಂಪ್ ಹೊರಡೋರು ಒಲೆ ಮಾತ್ರ ಒಯ್ಯಿ, ಗ್ಯಾಸು ಇದ್ದಿಲು ಅಲ್ಲೇ ಕೊಳ್ಳಿ. ಹೊಸ ಒಲೆಯನ್ನೇ ಒಯ್ಯಬೇಕು. ಬಳಸಿದ ಒಲೆಯಲ್ಲಿ ಇಂಧನದ ವಾಸನೆ ಇದ್ರೆ ತಡೀತಾರೆ.

ಸ್ವಂತ ಕಾರಲ್ಲಿ ಹೋಗೋರಿಗೆ ಆಯ್ಕೆ ಜಾಸ್ತಿ. ಆದ್ರೆ ಚೆನ್ನೈ ಬಿಸಿಲಲ್ಲಿ ಗ್ಲಾಸ್ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಗ್ಯಾಸ್ ಕ್ಯಾನ್ ಬಿಟ್ಟು ತಿಂಡಿಗೆ ಇಳಿಯೋದು ಬೇಡ. ಕ್ಯಾನ್ ಮೇಲೆ 50 ಡಿಗ್ರಿ ಮೀರಬಾರದು ಅಂತ ಬರೆದಿರುತ್ತೆ. ಮೇ ತಿಂಗಳ ಜಿಎಸ್‌ಟಿ ರೋಡಲ್ಲಿ ನಿಂತ ಕಾರು ಅಷ್ಟು ಬಿಸಿ ಆಗೋಕೆ ಹೊತ್ತು ಬೇಕಿಲ್ಲ.

ಎರಡನೇ ಪ್ರಶ್ನೆ: ಎಲ್ಲಿ ಹಚ್ತೀರಿ?

ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚೋದು ತಮಿಳುನಾಡಲ್ಲೂ ಅಪರಾಧ, ಕರ್ನಾಟಕದಲ್ಲೂ ಅಪರಾಧ. ತಮಿಳುನಾಡಿನ ಅರಣ್ಯ ಕಾಯ್ದೆ 1882ರದ್ದು, ನಮ್ಮದು 1963ರದ್ದು. "ಸಣ್ಣ ಸ್ಟೌ ಸಾರ್" ಅಂದ್ರೆ ಗಾರ್ಡ್ ಒಪ್ಪಲ್ಲ, ಒಪ್ಪಬಾರದು ಕೂಡ. 2018ರ ಮಾರ್ಚ್ 11ರಂದು ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಚೆನ್ನೈಯಿಂದ ವಾರಾಂತ್ಯಕ್ಕೆ ಹೋದವರೂ ಅದರಲ್ಲಿದ್ದರು, ನಮ್ಮ ನಿಮ್ಮ ಹಾಗೆ. ಒಣಗಿದ ಹುಲ್ಲುಗಾವಲಲ್ಲಿ ಬೆಂಕಿ ಮನುಷ್ಯ ಓಡೋದಕ್ಕಿಂತ ಬೇಗ ಬೆಟ್ಟ ಹತ್ತುತ್ತೆ. ಫೆಬ್ರವರಿಯಿಂದ ಮೇವರೆಗೆ ಕಾಡಿನ ಅಂಚಿನ ಖಾಸಗಿ ಕ್ಯಾಂಪಲ್ಲಿ ಕೂಡ ಕಟ್ಟಿಗೆ ಬೆಂಕಿ ಬೇಡ, ಗ್ಯಾಸ್ ಒಂದೇ ಸಾಕು.

ಸಮುದ್ರ ದಂಡೆ? ಈಸಿಆರ್ ಉದ್ದಕ್ಕೂ ಜನವರಿಯಿಂದ ಏಪ್ರಿಲ್‌ವರೆಗೆ ಕಡಲಾಮೆಗಳು ಮೊಟ್ಟೆ ಇಡೋಕೆ ಬರ್ತವೆ. ರಾತ್ರಿ ಬೆಳಕು ಕಂಡ್ರೆ ಮರಿಗಳು ಕಡಲು ಬಿಟ್ಟು ಬೆಳಕಿನ ಕಡೆ ನಡೀತವೆ. ಮರಳಲ್ಲಿ ಗ್ರಿಲ್ ಪಾರ್ಟಿ ಅನ್ನೋ ಆಸೆ ಅಲ್ಲಿಗೆ ಬಿಡಿ. ಗೋಡೆ ಇರೋ ತೋಟದ ಮನೆ, ರೆಸಾರ್ಟಿನ ಗೊತ್ತಾದ ಜಾಗ, ಅಲ್ಲಿ ಮಾಡಿ.

ಮೂರನೇ ಪ್ರಶ್ನೆ: ಬೇಯಿಸೋದಾ, ಸುಡೋದಾ?

ಬೇಯಿಸೋದು ಅಂದ್ರೆ ಕಾಫಿ, ಉಪ್ಪಿಟ್ಟು, ಅನ್ನ, ಸಾರು. ಇದಕ್ಕೆ ಗ್ಯಾಸ್. ಸುಡೋದು ಅಂದ್ರೆ ಬದನೆಕಾಯಿ, ಮುಸುಕಿನ ಜೋಳ, ಪನೀರ್, ಚಿಕನ್, ಮೀನು. ಇದಕ್ಕೆ ಇದ್ದಿಲು. ಕ್ಯಾಂಪಲ್ಲಿ ಬಹಳ ಜನ ಮಾಡೋ ತಪ್ಪು ಒಂದೇ ಗ್ರಿಲ್‌ನಲ್ಲಿ ಎರಡೂ ಮಾಡೋಕೆ ಹೋಗೋದು. ಆಮೇಲೆ ಬೆಳಗ್ಗೆ ಆರಕ್ಕೆ ಕಾಫಿಗೋಸ್ಕರ ಮುಕ್ಕಾಲು ಗಂಟೆ ಇದ್ದಿಲು ಊದ್ತಾ ಕೂರೋದು.

*ಕ್ಯಾಸೆಟ್ ಸ್ಟೌ.* ನನ್ನ ಮೊದಲ ನೆಚ್ಚಿನದು. ಸೂಟ್‌ಕೇಸ್ ಥರ ಡಬ್ಬ, ಪಕ್ಕದಲ್ಲಿ ಉದ್ದನೆ ಬ್ಯೂಟೇನ್ ಕ್ಯಾನ್ ಮಲಗಿಸೋದು. ಒಂದು ಕ್ಯಾನಲ್ಲಿ 220–230 ಗ್ರಾಂ ಗ್ಯಾಸ್ ಇರುತ್ತೆ. ಎಷ್ಟು ಬರುತ್ತೆ ಅಂತ ಲೆಕ್ಕ ನೋಡಿ. ಒಂದು ಲೀಟರ್ ನೀರು 25 ಡಿಗ್ರಿಯಿಂದ ಕುದಿಯೋಕೆ 75 ಕಿಲೊಕ್ಯಾಲರಿ ಬೇಕು. ಒಂದು ಗ್ರಾಂ ಗ್ಯಾಸಿಂದ ಸುಮಾರು 11 ಬರುತ್ತೆ, ಅದರಲ್ಲಿ ಅರ್ಧ ಪಾತ್ರೆಯ ಸುತ್ತ ಹಾರಿಹೋಗುತ್ತೆ ಅಂತ ಇಟ್ಟುಕೊಳ್ಳಿ. ಲೀಟರಿಗೆ 14 ಗ್ರಾಂ ಆಯ್ತು, ಒಂದು ಕ್ಯಾನಿಗೆ ಸುಮಾರು 16 ಲೀಟರ್. ಗಾಳಿ ಬೀಸಿದ್ರೆ ಇದು ಅರ್ಧಕ್ಕೆ ಇಳಿದ್ರೂ ಆಶ್ಚರ್ಯ ಇಲ್ಲ. ಆರು ಜನ, ಎರಡು ದಿನ ಅಂದ್ರೆ ನಾನು ಮೂರು ಕ್ಯಾನ್ ಹಾಕ್ಕೋತೀನಿ.

ಮೂರು ಎಚ್ಚರಿಕೆ. ಒಂದು, ಕ್ಯಾನಿನ ಕುತ್ತಿಗೆಯಲ್ಲಿ ಒಂದು ಕಚ್ಚು ಇರುತ್ತೆ, ಅದು ಮೇಲ್ಮುಖವಾಗಿ ಕೂರಬೇಕು. ತಿರುಗಿಸಿ ಹಾಕಿದ್ರೆ ಆವಿ ಬರೋ ಬದಲು ದ್ರವವೇ ಬಂದು ಭಗ್ಗನೆ ಉರಿಯುತ್ತೆ. ಎರಡು, ಕ್ಯಾನ್ ಇರೋ ಭಾಗದ ಮೇಲಕ್ಕೂ ಚಾಚೋ ದೊಡ್ಡ ತವಾ ಇಡಬೇಡಿ. ತವಾದ ಬಿಸಿ ಕ್ಯಾನಿಗೆ ತಗುಲಿ ಸಿಡಿಯೋದು ಹೀಗೇ. ಗಾಳಿತಡೆ ಅಂತ ಸುತ್ತ ತಗಡು ಮುಚ್ಚೋದೂ ಅದೇ ಅಪಾಯ. ಗಾಳಿಗೆ ಬೆನ್ನು ಮಾಡಿ ಕಲ್ಲು, ಬ್ಯಾಗು ಸ್ವಲ್ಪ ದೂರದಲ್ಲಿ ಅಡ್ಡ ಇಡಿ, ಸಾಕು. ಮೂರು, ಚಳಿ. ಬ್ಯೂಟೇನ್ ಆವಿಯಾಗೋದು ಮೈನಸ್ 0.5 ಡಿಗ್ರಿಗಿಂತ ಮೇಲೆ ಮಾತ್ರ, ಮತ್ತು ಉರೀತಾ ಉರೀತಾ ಕ್ಯಾನ್ ತಾನೇ ತಣ್ಣಗಾಗುತ್ತೆ. ಊಟಿಯ ಜನವರಿ ಬೆಳಗಲ್ಲಿ ಉರಿ ಕುಗ್ಗಿದ್ರೆ ಸ್ಟೌ ಕೆಟ್ಟಿಲ್ಲ. ರಾತ್ರಿ ಕ್ಯಾನನ್ನ ಬಟ್ಟೆ ಬ್ಯಾಗಿನ ಮಧ್ಯೆ ಇಟ್ಟಿರಿ. ಬೆಂಕಿಗೆ ಹಿಡಿದು ಬಿಸಿ ಮಾತ್ರ ಮಾಡಬೇಡಿ.

*5 ಕೆಜಿ ಸಿಲಿಂಡರ್.* ಹತ್ತು ಹನ್ನೆರಡು ಜನ ಇದ್ರೆ ಇದೇ ಸರಿ. ಇಂಡಿಯನ್ ಆಯಿಲ್‌ನವರು 2020ರಲ್ಲಿ 'ಛೋಟು' ಅಂತ ಹೆಸರಿಟ್ಟದ್ದು ಇದಕ್ಕೇ. ವಿಳಾಸದ ಪುರಾವೆ ಬೇಡ, ಗುರುತಿನ ಚೀಟಿ ಸಾಕು. ಬಾಡಿಗೆ ಮನೆ ಬದಲಾಯಿಸ್ತಾ ಇರೋ ನಮ್ಮಂಥವರಿಗೇ ಮಾಡಿದ ಹಾಗಿದೆ. ಬೀದಿ ಬದಿಯಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ತುಂಬಿಕೊಡ್ತಾರಲ್ಲ, ಅದು ಬೇಡ. ತುಂಬಿದ್ದು ಎಷ್ಟು, ಆವಿಗೆ ಬಿಟ್ಟ ಜಾಗ ಎಷ್ಟು ಯಾರಿಗೂ ಗೊತ್ತಿರಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ತಗ್ಗಿನಲ್ಲಿ ಹೋಗಿ ಕೂರುತ್ತೆ. ಒಲೆಯನ್ನ ಟೆಂಟಿಗಿಂತ ತಗ್ಗಿನ ಕಡೆ, ದೂರಕ್ಕೆ ಇಡಿ.

ಬೆಟ್ಟದ ಮೇಲೆ ಬೇಳೆ ಯಾಕೆ ಬೇಯಲ್ಲ ಅಂತ ಒಬ್ಬರು ಅಕ್ಕ ಕೇಳಿದ್ರು. ಯೇಲಗಿರಿ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತೆ, 1,930 ಮೀಟರಿನ ಮುಳ್ಳಯ್ಯನಗಿರಿಯ ಎತ್ತರಕ್ಕೆ ಹೋದ್ರೆ 94ರ ಆಸುಪಾಸು. ಉರಿ ಜಾಸ್ತಿ ಮಾಡಿದ್ರೆ ನೀರು ಆವಿಯಾಗುತ್ತೆ ಅಷ್ಟೇ, ಬೇಳೆ ಬೇಯಲ್ಲ. ಮೂರು ಲೀಟರಿನ ಕುಕ್ಕರ್ ಒಯ್ಯಿ.

*ಪಂಪ್ ಸ್ಟೌ.* ಅಜ್ಜಿ ಮನೆಯಲ್ಲಿ ಭರ್ ಅಂತ ಸದ್ದು ಮಾಡ್ತಿದ್ದ ಹಿತ್ತಾಳೆ ಸ್ಟೌ ನೆನಪಿದೆಯಾ? 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಮಾಡಿದ ಪ್ರೈಮಸ್‌ನ ವಂಶ ಅದು. ಅಮುಂಡ್ಸನ್ 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದಾಗ ಜೊತೆಗಿದ್ದದ್ದೂ ಪ್ರೈಮಸ್. ಪಲ್ಲಾವರಂ ಶುಕ್ರವಾರದ ಸಂತೆಯಲ್ಲಿ ಹಳೇದು ಕಂಡ್ರೆ ಆಸೆಯಾಗುತ್ತೆ. ತಗೊಂಡು ಶೋಕೇಸಲ್ಲಿಡಿ. ವಾಷರ್ ಸಿಗಲ್ಲ, ಸೀಮೆಎಣ್ಣೆ ಸಿಗಲ್ಲ, ಪಿನ್ನು ಹಾಕೋಕೆ ನಮಗೆ ಬರಲ್ಲ.

ಸಂತೆ ಅಂದ ಮೇಲೆ ಇನ್ನೊಂದು ಮಾತು. ಗ್ರಿಲ್‌ಗೆ ಜಾಲರಿ ಅಂತ ಹಳೇ ಫ್ರಿಜ್ಜಿನ ಕಂಬಿ ತಟ್ಟೆ ತರಬೇಡಿ, ಕೆಲವು ಹಳೆಯದಕ್ಕೆ ಕ್ಯಾಡ್ಮಿಯಂ ಲೇಪ ಇರುತ್ತೆ. ಜಿಐ ಬಕೆಟ್ಟಿಗೆ ತೂತು ಕೊರೆದು ಒಲೆ ಮಾಡೋದೂ ಬೇಡ, ಸತುವಿನ ಹೊಗೆ ಜ್ವರ ತರಿಸುತ್ತೆ. ಕ್ರೋಮ್ ಲೆದರ್ ಕಾರ್ಖಾನೆಯಿಂದ ಹೆಸರು ಪಡೆದ ಪೇಟೆಯಲ್ಲಿದ್ದೀವಿ, ಲೋಹದ ಗುಣ ನಾವೇ ಮರೆತ್ರೆ ಹೇಗೆ? ಮಾಮೂಲಿ ಕಬ್ಬಿಣ ಇಲ್ಲ ಸ್ಟೀಲು, ಎರಡೇ.

*ಇದ್ದಿಲ ಗ್ರಿಲ್.* ಮಡಚೋ ತಗಡಿನ ಗ್ರಿಲ್ ಇಬ್ಬರಿಗೆ ಸಾಕು. ನಾಲ್ಕು ಜನ ದಾಟಿದ್ರೆ ಮುಚ್ಚಳ ಇರೋ ದುಂಡನೆ ಕೆಟಲ್ ಗ್ರಿಲ್ ತಗೊಳ್ಳಿ. 1952ರಲ್ಲಿ ಶಿಕಾಗೊ ಕಡೆಯ ಜಾರ್ಜ್ ಸ್ಟೀಫನ್ ಅನ್ನೋರು, ಬಂದರಿನಲ್ಲಿ ತೇಲಿಬಿಡೋ ಲೋಹದ ಬುರುಡೆ ಮಾಡ್ತಿದ್ದ ಕಾರ್ಖಾನೆಯಲ್ಲಿ, ಆ ಬುರುಡೆಯನ್ನೇ ಅರ್ಧ ಮಾಡಿ ಮೊದಲ ಕೆಟಲ್ ಮಾಡಿದರು. ಮುಚ್ಚಳದ ಉಪಯೋಗ ಗಾಳಿಯ ಮೇಲೆ ಹಿಡಿತ. ಕೆಳಗಿನ ಕಿಂಡಿ ಉಸಿರು ಕೊಡುತ್ತೆ, ಮೇಲಿನ ಕಿಂಡಿ ಹೊಗೆ ಬಿಡುತ್ತೆ. ಕಿಂಡಿ ಕಿರಿದಾದ್ರೆ ಬಿಸಿ ಇಳಿಯುತ್ತೆ.

ಇದ್ದಿಲಿಗೆ ಸೀಮೆಎಣ್ಣೆ ಸುರೀಬೇಡಿ, ತಿಂಡಿಯೆಲ್ಲ ಅದೇ ವಾಸನೆ. ಚಿಮ್ನಿ ಸ್ಟಾರ್ಟರ್ ಅಂತ ತಗಡಿನ ಕೊಳವೆ ಸಿಗುತ್ತೆ. ಕೆಳಗೆ ಪೇಪರ್, ಮೇಲೆ ಇದ್ದಿಲು, 20 ನಿಮಿಷ. ಮೇಲೆ ಬಿಳಿ ಬೂದಿ ಹತ್ತಿದ ಮೇಲೇ ಅಡುಗೆ. ಎಲ್ಲ ಕೆಂಡವನ್ನೂ ಒಂದು ಪಕ್ಕಕ್ಕೆ ಎಳೀರಿ, ಇನ್ನೊಂದು ಪಕ್ಕ ಖಾಲಿ ಬಿಡಿ. ಬಣ್ಣ ಬರೋದು ಕೆಂಡದ ಮೇಲೆ, ಒಳಗೆ ಬೇಯೋದು ಖಾಲಿ ಪಕ್ಕದಲ್ಲಿ, ಮುಚ್ಚಳದಡಿ. "ಹೊರಗೆ ಕರಕಲು ಒಳಗೆ ಹಸಿ" ಅನ್ನೋ ರೋಗಕ್ಕೆ ಇದೊಂದೇ ಮದ್ದು. ಚಿಕನ್ ಒಳಗೆ 74 ಡಿಗ್ರಿ ಮುಟ್ಟಬೇಕು, ಸಣ್ಣ ಥರ್ಮಾಮೀಟರ್ ಇಟ್ಕೊಳ್ಳಿ. ಮಸಾಲೆ ಹಚ್ಚಿದ ಮಾಂಸ ನಮ್ಮ ಸೆಕೆಯಲ್ಲಿ ಐಸ್ ಇಲ್ಲದೆ ಒಂದು ಗಂಟೆಗಿಂತ ಹೆಚ್ಚು ಇರಬಾರದು.

ಇಲ್ಲಿ ಒಂದು ಸ್ವಾರಸ್ಯ. ಅಮೆರಿಕದ ಬಾರ್ಬೆಕ್ಯೂ ವಿಡಿಯೊಗಳಲ್ಲಿ 'ಮೆಸ್ಕೀಟ್' ಇದ್ದಿಲು ಅಂತ ಹೊಗಳ್ತಾರಲ್ಲ, ಅದರ ಹತ್ತಿರದ ನೆಂಟ ನಮ್ಮ ಬಳ್ಳಾರಿ ಜಾಲಿ. ತಮಿಳಿನಲ್ಲಿ ಸೀಮೈ ಕರುವೇಲಂ. ರಾಮನಾಥಪುರ, ಶಿವಗಂಗೆ ಕಡೆ ಇದನ್ನೇ ಸುಟ್ಟು ಇದ್ದಿಲು ಮಾಡ್ತಾರೆ. ಹಳ್ಳಿಯವರು ಶಾಪ ಹಾಕೋ ಮುಳ್ಳಿನ ಮರ, ಒಲೆಗೆ ಮಾತ್ರ ಬಂಗಾರ. ಆಮದು ಪ್ಯಾಕೆಟ್ಟಿಗೆ ದುಡ್ಡು ಸುರಿಯೋ ಮುಂಚೆ ಇಸ್ತ್ರಿ ಅಂಗಡಿಯವರನ್ನ ಕೇಳಿ, ಅವರು ಇದ್ದಿಲು ತರೋ ಕಡೆ ತೋರಿಸ್ತಾರೆ.

*ಕಟ್ಟಿಗೆ ಒಲೆ.* ಮೂರು ಕಲ್ಲಿಟ್ಟು ಹಚ್ಚೋದು ನೋಡೋಕೆ ಚೆಂದ. ಆದ್ರೆ ಬಿಸಿಯ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ತಲುಪಿದ್ರೆ ಹೆಚ್ಚು. ಈ ಸಮಸ್ಯೆಯನ್ನ ಬೆಂಗಳೂರಿನ ಐಐಎಸ್‌ಸಿಯವರು ಹಳ್ಳಿ ಅಡುಗೆಮನೆಗೋಸ್ಕರ ಯೋಚನೆ ಮಾಡಿದ್ರು. 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಬಂದದ್ದೇ ಅಸ್ತ್ರ ಒಲೆ. ಅದರ ಪಾಠ ಸರಳ. ಬೆಂಕಿಯನ್ನ ಗೂಡಿನೊಳಗೆ ಮುಚ್ಚು, ಕಟ್ಟಿಗೆಯನ್ನ ಕಂಬಿಯ ಮೇಲಿಡು, ಕೆಳಗಿಂದ ಗಾಳಿ ಬರಲಿ, ಬಿಸಿ ಪಾತ್ರೆಗೆ ತಾಗದೆ ಹೊರಗೆ ಹೋಗದಿರಲಿ. ಇವತ್ತು ಕ್ಯಾಂಪಿಂಗ್ ಅಂಗಡಿಯಲ್ಲಿ ಸಿಗೋ ಮಡಚುವ ರಾಕೆಟ್ ಸ್ಟೌ ಕೂಡ ಇದೇ ತತ್ವದ್ದು. ಮಳೆಗಾಲ ಮುಗಿದ ಮೇಲೆ, ತೋಟದ ಮಾಲೀಕರೇ ಕಟ್ಟಿಗೆ ಕೊಡೋ ಕಡೆ ಇದು ಚೆನ್ನಾಗಿ ಒದಗುತ್ತೆ. ಚೆನ್ನೈ ಸುತ್ತ ಸಿಗೋದು ಸರ್ವೆ ಮರ, ತಮಿಳಿನ ಸವುಕ್ಕು. ಹಿಂದೆ ರೈಲು ಇಂಜಿನ್ನಿಗೆ ಉರುವಲು ಬೇಕು ಅಂತಲೇ ಈ ಕರಾವಳಿಯಲ್ಲಿ ಬೆಳೆಸಿದ ಮರ ಅದು. ಗಟ್ಟಿಯಾಗಿ, ಹೊತ್ತಾಗಿ ಉರಿಯುತ್ತೆ.

ಹೊಗೆಯ ರುಚಿ

ಸ್ಮೋಕರ್ ಅಂದ್ರೆ ವಿದೇಶಿ ವಸ್ತು ಅಂತ ಅನ್ಕೋತೀವಿ. ಕೊಡಗಿನಲ್ಲಿ ಒಲೆಯ ಮೇಲೆ ತೂಗುಹಾಕಿ ಒಣಗಿಸೋ ಒಣಕ್ ಎರಚಿ ಮತ್ತೇನು? ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿ ಮುಂಚೆ ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಎಳೆ ಜೋಳದ ತೆನೆ ಸುಟ್ಟು ತಿನ್ನೋ ಸೀತನಿ? ಹೊಲಕ್ಕೆ ಹೋಗಿ ಕೂತು ತಿನ್ನೋ ಊಟ ನಮಗೆ ಹೊಸದಲ್ಲ.

ಬೇರೆ ಸ್ಮೋಕರ್ ಕೊಳ್ಳಬೇಡಿ. ಕೆಟಲ್ ಗ್ರಿಲ್‌ನಲ್ಲೇ ಸ್ವಲ್ಪ ಕೆಂಡ ಒಂದು ಪಕ್ಕ, ಇನ್ನೊಂದು ಪಕ್ಕ ನೀರಿನ ತಟ್ಟೆ, ಕೆಂಡದ ಮೇಲೆ ಒಣಗಿದ ಮಾವಿನ ಅಥವಾ ಸೀಬೆಯ ಕಟ್ಟಿಗೆ ಚೂರು. ಕಿಂಡಿ ಕಿರಿದು ಮಾಡಿ 110–120 ಡಿಗ್ರಿಯಲ್ಲಿ ಹಿಡೀರಿ. ಹೊಗೆ ತೆಳ್ಳಗೆ ನೀಲಿಯಾಗಿರಬೇಕು. ದಟ್ಟ ಬಿಳಿ ಹೊಗೆ ಬಂದ್ರೆ ಕಹಿ, ಗಾಳಿ ಸಾಲ್ತಿಲ್ಲ ಅಂತ ಅರ್ಥ. ಬದನೆಕಾಯಿಯನ್ನ ಹೀಗೆ ಅರ್ಧ ಗಂಟೆ ಹೊಗೆಗಿಟ್ಟು, ಆಮೇಲೆ ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಿ ನೋಡಿ. ಊರಿಂದ ಬಂದ ಜೋಳದ ರೊಟ್ಟಿ ಇದ್ರೆ ಕೇಳೋದೇ ಬೇಡ.

ಸಿಕ್ಕ ಸಿಕ್ಕ ಕಡ್ಡಿ ಹಾಕಬೇಡಿ. ಹೆದ್ದಾರಿ ಮಧ್ಯದಲ್ಲಿ ಗುಲಾಬಿ ಹೂ ಬಿಡೋ ಕಣಗಿಲೆ ಪೂರ್ತಿ ವಿಷ, ಅದರ ಹೊಗೆ ಕೂಡ. ಅದರ ಕಡ್ಡಿಗೆ ಪನೀರ್ ಚುಚ್ಚೋದಂತೂ ಬೇಡವೇ ಬೇಡ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಯಾಕಿಂಗ್ ಮರ, ಗೋಡಂಬಿ ಸಿಪ್ಪೆ ಇವೂ ಬೇಡ.

ಆರಿಸೋದು ಅಡುಗೆಯ ಕೊನೆ ಕೆಲಸ

ಕೆಂಡವನ್ನ ಮರಳಲ್ಲಿ ಹೂತಿಡಬೇಡಿ. ಮರಳು ಬಿಸಿಯನ್ನ ಗಂಟೆಗಟ್ಟಲೆ ಹಿಡಿದಿಡುತ್ತೆ, ಬೆಳಗ್ಗೆ ಬರಿಗಾಲಲ್ಲಿ ಓಡಿಬರೋ ಮಗುಗೆ ಕೆಳಗೆ ಏನಿದೆ ಗೊತ್ತಾಗಲ್ಲ. ನೀರು ಹಾಕಿ, ಕಲಸಿ, ಮತ್ತೆ ಹಾಕಿ. ಕೈ ಹತ್ತಿರ ಹಿಡಿದ್ರೆ ಬಿಸಿ ತಾಗಬಾರದು. ಹಚ್ಚೋ ಮುಂಚೆಯೇ ಪಕ್ಕದಲ್ಲಿ ಎರಡು ಬಕೆಟ್ ನೀರು ಇರ್ಲಿ. ಎಣ್ಣೆಗೆ ಬೆಂಕಿ ಹತ್ತಿದ್ರೆ ಮಾತ್ರ ನೀರಲ್ಲ, ಮುಚ್ಚಳ.

ಕೊನೆಗೆ ನನ್ನ ಪಟ್ಟಿ ಇಷ್ಟೇ. ರೈಲಲ್ಲಿ ಹೋಗೋರು ಏನೂ ಒಯ್ಯಬೇಡಿ, ಅಲ್ಲಿಯವರ ಒಲೆ ಬಳಸಿ. ಕಾರಲ್ಲಿ ನಾಲ್ಕು ಜನ ಅಂದ್ರೆ ಕ್ಯಾಸೆಟ್ ಸ್ಟೌ ಒಂದು, ಮಡಚೋ ಗ್ರಿಲ್ ಒಂದು. ಹತ್ತು ಜನ ಅಂದ್ರೆ 5 ಕೆಜಿ ಸಿಲಿಂಡರ್, ಮುಚ್ಚಳದ ಕೆಟಲ್. ಹೊಸ ಒಲೆ ಏನೇ ತಂದ್ರೂ ಮೊದಲ ಸಲ ಬೆಟ್ಟದ ಮೇಲೆ ಹಚ್ಚಬೇಡಿ. ಮನೆ ಓನರ್ ಹತ್ರ ಒಂದು ಮಾತು ಕೇಳಿ, ಟೆರೇಸಿನ ಮೇಲೆ ಒಂದು ಭಾನುವಾರ ಕಾಫಿ ಮಾಡಿ ನೋಡಿ.

ನಮ್ಮಣ್ಣ ಈಗಲೂ ಬರ್ತಾನೆ, ಗ್ರಿಲ್ ಅವನದೇ ಕೈಯಲ್ಲಿ. ಮಲಗೋ ಮುಂಚೆ ಕೆಂಡಕ್ಕೆ ನೀರು ಹಾಕೋದು ಮಾತ್ರ ಆವತ್ತು ವಾಂತಿ ಮಾಡಿದ್ದ ಆ ಚಿಕ್ಕವಳ ಕೆಲಸ. ಬಕೆಟ್ ಖಾಲಿ ಆಗೋವರೆಗೂ ಬಿಡಲ್ಲ. ಚಳಿಗೆ ಏನು ಮಾಡ್ತೀರಿ ಅಂತ ಕೇಳ್ಬೇಡಿ, ಇನ್ನೊಂದು ಕಂಬಳಿ ಒಯ್ತೀವಿ.

ಮುಂದಿನ ವಾರ ಸಿಗೋಣ. ಜೋಪಾನವಾಗಿ ಹೋಗಿ ಬನ್ನಿ.